ಕ್ಯಾಂಪರ್ ವ್ಯಾನ್ ಕೊಳ್ಳಬೇಕೆ, ಬಾಡಿಗೆಗೆ ತರಬೇಕೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕುಟುಂಬಗಳಿಗೆ ಮಾರ್ಗದರ್ಶಿ

ಮನೆಮಂದಿಯೆಲ್ಲ ಕೂಡಿ ಕ್ರೂಸರ್ ಅಥವಾ ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆ ಮಾಡಿ, ಗ್ಯಾಸ್ ಒಲೆ, ರೊಟ್ಟಿ ಬುತ್ತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಪಂಢರಪುರಕ್ಕೋ ಧರ್ಮಸ್ಥಳಕ್ಕೋ ಹೊರಡುವುದು ನಮ್ಮ ಭಾಗಕ್ಕೆ ಹೊಸದಲ್ಲ. ಅದೇ ಗಾಡಿಯೊಳಗೆ ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಶೌಚಾಲಯವೂ ಇದ್ದರೆ ರಾತ್ರಿ ಲಾಡ್ಜ್ ಹುಡುಕುವ ತ್ರಾಸು ತಪ್ಪುತ್ತದೆ ಎಂದು ಈಗ ಅನೇಕರು ಕ್ಯಾಂಪರ್ ವ್ಯಾನ್ ವಿಚಾರಿಸುತ್ತಾರೆ. ಬೆಲೆ ಕೇಳುವುದಕ್ಕೆ ಮೊದಲು ಮೂರು ಪ್ರಶ್ನೆಗೆ ಉತ್ತರ ಬೇಕು: ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೀರಿ, ಉಳಿದ ದಿನ ಅದು ಎಲ್ಲಿ ನಿಲ್ಲುತ್ತದೆ, ನಿಂತಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ. ಮೂರಕ್ಕೂ ಗಟ್ಟಿ ಉತ್ತರ ಸಿಗದಿದ್ದರೆ ಬಾಡಿಗೆಯೇ ಸರಿ.

ಮೊದಲು ರಾತ್ರಿಗಳನ್ನು ಎಣಿಸಿ

ಹೋದ ವರ್ಷದ ಕ್ಯಾಲೆಂಡರ್ ತೆಗೆದು, ಕುಟುಂಬ ಊರು ಬಿಟ್ಟು ಹೊರಗೆ ಮಲಗಿದ ರಾತ್ರಿಗಳಿಗೆಲ್ಲ ಗುರುತು ಹಾಕಿ. ಆಮೇಲೆ ಹೊಡೆದುಹಾಕುತ್ತ ಬನ್ನಿ. ಮದುವೆ, ಸೀಮಂತ, ತವರುಮನೆಯ ರಾತ್ರಿಗಳು ಲೆಕ್ಕಕ್ಕಿಲ್ಲ. ಬೀಗರ ಮನೆಗೆ ಹೋಗಿ ಅಂಗಳದ ವ್ಯಾನಿನಲ್ಲಿ ಮಲಗಲು ಅವರು ಬಿಡುವುದಿಲ್ಲ. ಹೊಲ ಇದ್ದವರು ಬಿತ್ತನೆ, ರಾಶಿ, ಕಬ್ಬು ಕಟಾವಿನ ವಾರಗಳನ್ನು ತೆಗೆಯಿರಿ. ಮಕ್ಕಳ ಪರೀಕ್ಷೆಯ ತಿಂಗಳು ತೆಗೆಯಿರಿ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್ ನಡುವಿನಿಂದ ಮೊದಲ ಮಳೆಯವರೆಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ತಗಡಿನ ಗಾಡಿಯಲ್ಲಿ ಮಲಗುವುದು ಹಿರಿಯರಿಗೂ ಕೂಸುಗಳಿಗೂ ಆಗದ ಮಾತು. ಅಂದರೆ ಬೇಸಿಗೆ ರಜೆಯ ಬಹುಪಾಲು ತಂಪು ಊರಿಗೆ ಹೋಗುವ ಪ್ರವಾಸಕ್ಕೆ ಮಾತ್ರ ಉಳಿಯಿತು.

ಇಷ್ಟು ಕಳೆದ ಮೇಲೆ ದಸರೆ ರಜೆ, ದೀಪಾವಳಿ, ಡಿಸೆಂಬರ್ ಕೊನೆಯ ವಾರ ಮತ್ತು ಮೂರು ದಿನ ಸೇರಿ ಬರುವ ಕೆಲವು ರಜೆಗಳು ಉಳಿಯುತ್ತವೆ. ಈ ಸಂಖ್ಯೆಯನ್ನು ಬರೆದಿಡಿ. ವ್ಯಾನ್ ಬಂದರೆ ಹೆಚ್ಚು ತಿರುಗುತ್ತೇವೆ ಎಂಬ ಆಸೆಯಿಂದ ಅದನ್ನು ದುಪ್ಪಟ್ಟು ಮಾಡಬೇಡಿ. ರಜೆಯನ್ನು ವ್ಯಾನ್ ಕೊಡುವುದಿಲ್ಲ, ಶಾಲೆ ಮತ್ತು ಕಚೇರಿ ಕೊಡುತ್ತವೆ.

ಈಗ ಹಣದ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದ ಉದಾಹರಣೆ. ಆ ಜಾಗದಲ್ಲಿ ನಿಮಗೆ ಸಿಕ್ಕ ಕೊಟೇಶನ್ ಇಟ್ಟುಕೊಳ್ಳಿ.

ಒಳಗಿನ ಕೆಲಸ ಸೇರಿ ವ್ಯಾನ್ ರಸ್ತೆಗಿಳಿಯಲು 24 ಲಕ್ಷ ರೂ. ಬಿತ್ತು, ಎಂಟು ವರ್ಷದ ನಂತರ 8 ಲಕ್ಷಕ್ಕೆ ಹೋಯಿತು ಎನ್ನಿ. ಕರಗಿದ ಬೆಲೆ 16 ಲಕ್ಷ, ಅಂದರೆ ವರ್ಷಕ್ಕೆ 2 ಲಕ್ಷ. ಇದಲ್ಲದೆ, ಮೊದಲಿನ 24 ಮತ್ತು ಕೊನೆಯ 8ರ ನಡುವಿನಂತೆ ಸರಾಸರಿ 16 ಲಕ್ಷ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಶೇ 7ರಂತೆ ಅದರ ಬಡ್ಡಿ 1,12,000. ವಿಮೆ 45,000. ಸರ್ವಿಸ್, ಆಯಿಲ್, ಬ್ರೇಕ್ ಸೇರಿ 35,000. ಟೈರ್ ಮತ್ತು ಬ್ಯಾಟರಿಗೆಂದು ತೆಗೆದಿಡುವುದು 25,000. ನಿಲ್ಲಿಸುವ ಜಾಗಕ್ಕೆ ತಿಂಗಳಿಗೆ 1,500ರಂತೆ 18,000. ಒಳಗಿನ ಪಂಪ್, ನಲ್ಲಿ, ಕೀಲು, ಪ್ಲೈ ರಿಪೇರಿಗೆ 15,000. ಕೂಡಿಸಿದರೆ ವರ್ಷಕ್ಕೆ 4,50,000 ರೂ. ಇದರಲ್ಲಿ ಡೀಸೆಲ್ ಸೇರಿಲ್ಲ, ವಾರ್ಷಿಕ ಅಥವಾ ತ್ರೈಮಾಸಿಕ ತೆರಿಗೆ ಬಂದರೆ ಅದೂ ಸೇರಿಲ್ಲ.

ಬಾಡಿಗೆಯ ಕಡೆ, ಡೀಸೆಲ್ ಬಿಟ್ಟು ದಿನಕ್ಕೆ 9,000 ರೂ. ಎನ್ನಿ. ಐದು ದಿನದ ಪ್ರವಾಸಕ್ಕೆ 45,000. ಗಾಡಿ ಬೇರೆ ಊರಿಂದ ಖಾಲಿ ಬಂದು ಖಾಲಿ ಹೋಗುವುದಕ್ಕೆ 12,000 ಸೇರಿಸಿದರೆ 57,000. ಎಂಟು ಪ್ರವಾಸಕ್ಕೆ 4,56,000. ಅಂದರೆ ವರ್ಷಕ್ಕೆ 40 ದಿನ, ಪ್ರವಾಸಕ್ಕೆ ನಾಲ್ಕರಂತೆ 32 ರಾತ್ರಿಯ ಸುತ್ತಮುತ್ತ ಎರಡೂ ತಕ್ಕಡಿ ಸಮ. ಮೊದಲ ಹಂತದಲ್ಲಿ ಬರೆದಿಟ್ಟ ಸಂಖ್ಯೆ ಇದರ ಹತ್ತಿರವೂ ಬರದಿದ್ದರೆ ಕೊಳ್ಳುವ ಮಾತು ಅಲ್ಲಿಗೇ ನಿಲ್ಲಲಿ. ಸಾಲ ಮಾಡಿ ಕೊಳ್ಳುವವರು ಶೇ 7ರ ಬದಲು ಬ್ಯಾಂಕ್ ಹೇಳುವ ದರ ಹಾಕಬೇಕು. ಸಮವಾಗುವ ದಿನಗಳು ಇನ್ನೂ ಮೇಲೇರುತ್ತವೆ.

ಈ ಲೆಕ್ಕವನ್ನು ಹೆಚ್ಚು ಏರುಪೇರು ಮಾಡುವುದು ಖಾಲಿ ಓಟ. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿ.ಮೀ. ಅಲ್ಲಿಂದ ಗಾಡಿ ತರಿಸಿಕೊಂಡರೆ ಹೋಗಿ ಬರುವ ಸಾವಿರ ಕಿ.ಮೀ. ನಿಮ್ಮ ಲೆಕ್ಕಕ್ಕೇ ಬರುತ್ತದೆ. ಗಾಡಿ ಇರುವ ಊರಿಗೆ ರಾತ್ರಿ ರೈಲಿನಲ್ಲಿ ಹೋಗಿ ಅಲ್ಲಿಂದಲೇ ಪ್ರವಾಸ ಶುರು ಮಾಡುವುದು ಜಾಣತನ. ಬೆಳಗಾವಿಯವರಿಗೆ ರಾಣಿ ಚನ್ನಮ್ಮ, ವಿಜಯಪುರ ಮತ್ತು ಬಾಗಲಕೋಟೆಯವರಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ಬೆಳಗಾವಿಯವರಿಗೆ ಪುಣೆ, ಗೋವಾ ಕಡೆಯ ಬಾಡಿಗೆ ವ್ಯಾನುಗಳೂ ಹತ್ತಿರ. ದರ ಕೇಳುವಾಗ ಅವನ್ನೂ ಕೇಳಿ.

ಕಾನೂನಿನ ಮಾತು

ನಾವು ಬಳಸದ ದಿನ ಬಾಡಿಗೆಗೆ ಬಿಟ್ಟು ಕಂತು ಕಟ್ಟೋಣ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಖಾಸಗಿ ಬಿಳಿ ಪ್ಲೇಟಿನ ಗಾಡಿಯಲ್ಲಿ ಹಾಗೆ ಮಾಡುವಂತಿಲ್ಲ. ಪರವಾನಗಿ ಇಲ್ಲದೆ ಬಾಡಿಗೆಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ 66ನೇ ಕಲಮಿಗೆ ವಿರುದ್ಧ; ಅದಕ್ಕಿಂತ ದೊಡ್ಡ ಪೆಟ್ಟು ಎಂದರೆ, ಆ ಹೊತ್ತಿನಲ್ಲಿ ಅಪಘಾತವಾದರೆ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಬಾಡಿಗೆಯಿಂದ ದುಡಿಸುವ ಇರಾದೆ ಇದ್ದರೆ ಮೊದಲಿನಿಂದಲೇ ಹಳದಿ ಪ್ಲೇಟ್, ಪರವಾನಗಿ, ಫಿಟ್‌ನೆಸ್, ವಾಣಿಜ್ಯ ವಿಮೆಯ ಹಾದಿ ಹಿಡಿಯಬೇಕು. ಅದು ಪೂರಾ ಬೇರೆ ಧಂದೆ, ಅದರ ಖರ್ಚೂ ಬೇರೆ.

ಬಾಡಿಗೆಗೆ ತರುವವರು ಮೊದಲು ನೋಡಬೇಕಾದ್ದೂ ಪ್ಲೇಟನ್ನೇ. ಚಾಲಕನ ಸಮೇತ ಬರುವ ಗಾಡಿಗೆ ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ, ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ವ್ಯಾನನ್ನು ಯಾರಾದರೂ ಕಡಿಮೆ ದರಕ್ಕೆ ಕೊಟ್ಟರೆ ಬೇಡ ಎನ್ನಿ. ನಮ್ಮ ಮೂರೂ ಜಿಲ್ಲೆಯಿಂದ ಹೊರಟ ಪ್ರವಾಸ ಬಹುಬೇಗ ಮಹಾರಾಷ್ಟ್ರಕ್ಕೋ ಗೋವೆಗೋ ದಾಟುತ್ತದೆ. ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ, ಅದರ ಅವಧಿ ಪ್ರವಾಸ ಮುಗಿಯುವವರೆಗೆ ಇದೆಯೇ ಎಂದು ಕಾಗದ ನೋಡಿಯೇ ಮುಂಗಡ ಕೊಡಿ.

ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಹಳೆಯ ಟ್ರಾವೆಲರ್ ಅಥವಾ ವಿಂಗರ್ ತಂದು ಊರ ಮಿಸ್ತ್ರಿಯಿಂದ ಹಾಸಿಗೆ, ಒಲೆ ಕೂಡಿಸಿಬಿಟ್ಟರೆ ಆರ್‌ಸಿಯಲ್ಲಿ ಅದು ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ಕಾಯ್ದೆಯ 52ನೇ ಕಲಮಿನ ಪ್ರಕಾರ ಒಪ್ಪಿಗೆ ಇಲ್ಲದೆ ಗಾಡಿಯ ಮೂಲ ರಚನೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ನಿಯಮದ ಭಾಷೆಯಲ್ಲಿ ಮೋಟಾರ್ ಕ್ಯಾರವಾನ್ ಎನ್ನಿಸುವ ಇಂಥ ಗಾಡಿಗಳಿಗೆ ಎಐಎಸ್-124 ಎಂಬ ಮಾನದಂಡವಿದೆ. ಬಾಡಿ ಕಟ್ಟುವವರಲ್ಲಿ ಆ ಮಾನದಂಡದ ಅನುಮೋದನೆ ಪತ್ರ ಮತ್ತು ಬಾಡಿ ನಿಯಮದಂತೆ ಕಟ್ಟಿದೆ ಎನ್ನುವ ಫಾರಂ 22-ಎ ಕೊಡುತ್ತೀರಾ ಎಂದು ಕೇಳಿ. ಆಮೇಲೆ ಮಾಡಿಸಿಕೊಳ್ಳಿ ಎನ್ನುವವರಿಗೆ ಕೆಲಸ ಕೊಡಬೇಡಿ. ಹಣ ಕೊಡುವ ಮೊದಲು ಆ ಪತ್ರದ ಪ್ರತಿಯೊಂದಿಗೆ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ, ಯಾವ ವರ್ಗದಲ್ಲಿ ನೋಂದಣಿ ಆಗುತ್ತದೆ, ತೆರಿಗೆ ಜೀವಾವಧಿಯದೋ ಕಂತಿನದೋ, ಎಷ್ಟು ಎಂದು ಬರೆಸಿಕೊಂಡು ಬನ್ನಿ. ಮೇಲಿನ ಲೆಕ್ಕಕ್ಕೆ ಈ ಅಂಕಿ ಸೇರಿದ ಮೇಲೆಯೇ ಅದು ಪೂರ್ತಿ.

ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು. ಆದರೂ ಆರು ಮೀಟರ್ ಹತ್ತಿರದ ಗಾಡಿಯನ್ನು ಚೋರ್ಲಾ ಘಾಟಿಯ ತಿರುವಿನಲ್ಲಿ ಓಡಿಸುವುದು ಬೇರೆಯದೇ ಕಲಿಕೆ. ಕಾರಷ್ಟೇ ಓಡಿಸಿದವರು ಮೊದಲ ಸಲ ಚಾಲಕನ ಸಮೇತ ತೆಗೆದುಕೊಳ್ಳುವುದು ಒಳ್ಳೆಯದು.

ಕೊಳ್ಳುವ ಮನಸ್ಸಿದ್ದರೂ ಎರಡು ಸಲ ಬಾಡಿಗೆಗೆ ತನ್ನಿ

ಒಳ್ಳೆಯ ಹವೆಯಲ್ಲಿ ಯಾವ ವ್ಯಾನೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಕೆಟ್ಟ ಹವೆಯಲ್ಲೇ ಪರೀಕ್ಷಿಸಿ. ಒಂದು ಪ್ರವಾಸ ಮಾರ್ಚ್ ಕೊನೆಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ. ಇನ್ನೊಂದು ಜುಲೈನಲ್ಲಿ ಖಾನಾಪುರ ಅಥವಾ ಅಂಬೋಲಿ ಕಡೆ. ಮೊದಲನೆಯದು ಸೆಕೆ ತೋರಿಸುತ್ತದೆ, ಎರಡನೆಯದು ಸೋರುವುದು, ಒದ್ದೆ ಬಟ್ಟೆ ಒಣಗದಿರುವುದು, ಬಾಗಿಲು ಮುಚ್ಚಿ ಆರು ಜನ ಒಳಗೆ ಕೂರುವುದು ಹೇಗಿರುತ್ತದೆ ಎಂದು ತೋರಿಸುತ್ತದೆ. ಕನಿಷ್ಠ ಮೂರು ರಾತ್ರಿ ಇರಲಿ, ಮೊದಲ ರಾತ್ರಿಯ ಹುರುಪು ಇಳಿದ ಮೇಲೆಯೇ ನಿಜ ಗೊತ್ತಾಗುವುದು. ಅಜ್ಜ ಅಜ್ಜಿಯನ್ನೂ ಕರೆದೊಯ್ಯಿರಿ. ಅವರಿಗೆ ಮೆಟ್ಟಿಲು ಹತ್ತಲು, ರಾತ್ರಿ ಶೌಚಕ್ಕೆ ಏಳಲು ಆಗದಿದ್ದರೆ ಕುಟುಂಬದ ಗಾಡಿ ಎನ್ನುವ ಮಾತೇ ಉಳಿಯುವುದಿಲ್ಲ.

ಬಾಡಿಗೆ ಮಾತಾಡುವಾಗ ಇಷ್ಟನ್ನು ಬರಹದಲ್ಲಿ ಪಡೆಯಿರಿ: ಕಿ.ಮೀ. ಎಣಿಕೆ ಅವರ ಗ್ಯಾರೇಜಿನಿಂದಲೋ ನಿಮ್ಮ ಮನೆಯಿಂದಲೋ, ದಿನದ ಮಿತಿ ಎಷ್ಟು, ಮೀರಿದರೆ ಕಿ.ಮೀ.ಗೆ ಎಷ್ಟು, ಟೋಲ್ ಮತ್ತು ಚಾಲಕನ ಭತ್ಯೆ ಯಾರದು, ಜನರೇಟರ್ ಇದ್ದರೆ ಅದರ ಇಂಧನ ಯಾರದು, ಮುಂಗಡ ಠೇವಣಿ ಯಾವಾಗ ಮರಳುತ್ತದೆ. ಚಾಲಕ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಒಳಗೆ ಹೆಣ್ಣುಮಕ್ಕಳು, ಕೂಸುಗಳು ಮಲಗಿದ್ದಾಗ ಅವನಿಗೆ ಬೇರೆ ಜಾಗ ಬೇಕು. ದಿನವಿಡೀ ಓಡಿಸಿದವನಿಗೆ ನೆಟ್ಟಗೆ ನಿದ್ದೆಯೂ ಬೇಕು. ಡಾರ್ಮಿಟರಿ ಅಥವಾ ಲಾಡ್ಜ್ ಖರ್ಚನ್ನು ಮೊದಲೇ ಬಜೆಟ್ಟಿಗೆ ಸೇರಿಸಿ. ಗಾಡಿ ಪಡೆಯುವಾಗ ಹೊರಗಿನ ಗೀರು, ಒಳಗಿನ ಹಾಸಿಗೆ, ನಲ್ಲಿ, ಶೌಚಾಲಯ, ಟೈರ್, ಕಿ.ಮೀ. ಮೀಟರ್ ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿ, ಅಲ್ಲಿಯೇ ಮಾಲೀಕರಿಗೆ ಕಳಿಸಿಬಿಡಿ.

ಸೀಟ್ ಬೆಲ್ಟ್ ಎಣಿಸಿ. ಆರು ಹಾಸಿಗೆ ಇದ್ದು ನಾಲ್ಕೇ ಬೆಲ್ಟ್ ಇರುವ ಗಾಡಿಗಳು ಸಾಕಷ್ಟಿವೆ. ಓಡುವಾಗ ಯಾರೂ ಹಾಸಿಗೆಯ ಮೇಲೆ ಮಲಗಬಾರದು. ಗಟ್ಟಿ ಬ್ರೇಕ್ ಹಾಕಿದರೆ ಮಲಗಿದ ಮಗು ನೇರ ಮುಂದಕ್ಕೆ ಎಸೆಯಲ್ಪಡುತ್ತದೆ. ಅಡ್ಡ ಮುಖದ ಸೀಟಿನಲ್ಲೂ ಮಕ್ಕಳನ್ನು ಕೂರಿಸಬೇಡಿ.

ಕರೆಂಟ್: ಇಲ್ಲಿಯೇ ಹೆಚ್ಚು ಜನ ಮೋಸ ಹೋಗುವುದು

ರಾತ್ರಿಯಿಡೀ ಬ್ಯಾಟರಿಯಲ್ಲಿ ಎಸಿ ಓಡುತ್ತದೆ ಎಂದು ಯಾರಾದರೂ ಹೇಳಿದರೆ ಪೆನ್ನು ಕಾಗದ ತೆಗೆಯಿರಿ. 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 2,560 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಬರಿದು ಮಾಡುವಂತಿಲ್ಲ, ಇನ್ವರ್ಟರ್ ಕೂಡ ಸುಮಾರು ಶೇ 10 ತಿನ್ನುತ್ತದೆ. ಕೈಗೆ ಸಿಗುವುದು 2,000 ಚಿಲ್ಲರೆ. ಒಂದು ಟನ್ ಎಸಿ ಸರಾಸರಿ 800 ವ್ಯಾಟ್ ಎಳೆದರೂ ಎರಡೂವರೆ ಗಂಟೆಗೆ ಮುಗಿಯಿತು. ರಾತ್ರಿ ಪೂರಾ ಎಸಿ ಬೇಕೆಂದರೆ ಹೊರಗಿನ ಪ್ಲಗ್ ಅಥವಾ ಜನರೇಟರ್ ಬೇಕೇ ಬೇಕು.

ಎಸಿ ಬಿಟ್ಟರೆ ಲೆಕ್ಕ ಹಗುರ. 25 ವ್ಯಾಟಿನ ಎರಡು ಡಿಸಿ ಫ್ಯಾನ್ ಒಂಬತ್ತು ಗಂಟೆಗೆ 450, ಸಣ್ಣ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 500, ದೀಪಕ್ಕೆ 100, ಫೋನುಗಳಿಗೆ 100, ನೀರಿನ ಪಂಪಿಗೆ 20. ಒಟ್ಟು 1,170 ವ್ಯಾಟ್-ಅವರ್. ಅದೇ 200ರ ಬ್ಯಾಟರಿ ಸುಖವಾಗಿ ಒಂದು ದಿನ ದಾಟಿಸುತ್ತದೆ, ಮೇಲೆ 400 ವ್ಯಾಟಿನ ಸೌರ ಫಲಕ ಇದ್ದರೆ ನಮ್ಮ ಬಯಲುಸೀಮೆಯ ನಿಚ್ಚಳ ಬಿಸಿಲಿನಲ್ಲಿ ಅಷ್ಟನ್ನು ತಿರುಗಿ ತುಂಬುತ್ತದೆ. ಖಾನಾಪುರದ ಮಳೆಯಲ್ಲಿ ಅದರ ಅರ್ಧವೂ ಬಾರದು. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಹಾಕಿದ ಗಾಡಿ ಕಂಡರೆ ಅದರ ಮೇಲೆ ಬರೆದ ಶಕ್ತಿಯ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದಕ್ಕಿಂತ ಆಳಕ್ಕೆ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ, ಜತೆಗೆ ಚಾರ್ಜಿಂಗ್‌ನಲ್ಲಿ ಹೊರಬರುವ ಅನಿಲಕ್ಕೆ ಹೊರದಾರಿ ಬೇಕು.

ಹೊರಗಿನ ಪ್ಲಗ್ ಎಂದರೆ ಡಾಬಾದ 5 ಆಂಪಿಯರ್ ಸಾಕೆಟ್ ಅಲ್ಲ. 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ಮೂರು ಎಳೆಯ ಕೇಬಲ್, ಗಾಡಿಯೊಳಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇರಬೇಕು. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ್ದಂತೆಯೇ ಎಸಿ ಓಡಿಸಿದರೆ ಒಳಸುತ್ತಿನ ಶಾಖ ಹೊರಹೋಗದೆ ಕರಗುತ್ತದೆ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ ಮಲಗಬಾರದು. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ನೀರು, ಗ್ಯಾಸ್, ಶೌಚ

ನಾಲ್ಕು ಜನ ಮಿತವಾಗಿ ಬಳಸಿದರೂ ತೊಳೆಯಲು, ಮುಖ ಮಾರ್ಜನಕ್ಕೆ, ಸಣ್ಣ ಸ್ನಾನಕ್ಕೆ ತಲೆಗೆ ದಿನಕ್ಕೆ 20 ಲೀಟರ್ ಹೋಗುತ್ತದೆ. 100 ಲೀಟರ್ ಟ್ಯಾಂಕ್ ಎಂದರೆ ಒಂದು ದಿನ ಮತ್ತು ಸ್ವಲ್ಪ. ವಿಜಯಪುರ, ಬಾಗಲಕೋಟೆ ಕಡೆ ಬೋರ್‌ವೆಲ್ ನೀರು ಗಡಸು. ಪಂಪಿನ ಜಾಲರಿ ಮತ್ತು ಶವರಿನ ತೂತಿಗೆ ಬಿಳಿ ಪದರ ಕಟ್ಟುತ್ತದೆ, ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಬೇಕು. ಕುಡಿಯಲು ಟ್ಯಾಂಕಿನ ನೀರು ಬೇಡ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಕೊಳ್ಳಿ. ತಿಂಗಳುಗಟ್ಟಲೆ ನಿಂತ ಟ್ಯಾಂಕಿಗೆ ನೀರು ತುಂಬಿ, ಪ್ರತಿ 100 ಲೀಟರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ 100 ಮಿ.ಲೀ. ಹಾಕಿ, ಎಲ್ಲ ನಲ್ಲಿಯಲ್ಲೂ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ಇಟ್ಟು ಖಾಲಿ ಮಾಡಿ, ಎರಡು ಸಲ ತೊಳೆಯಿರಿ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆದ ತೂತು ಇದೆಯೇ ಎಂದು ಬಗ್ಗಿ ಕೈಯಾಡಿಸಿ ನೋಡಿ. ಇಲ್ಲದಿದ್ದರೆ ಆ ಗಾಡಿ ಬೇಡ. ಓಡುವಾಗ ರೆಗ್ಯುಲೇಟರ್ ಬಂದ್ ಇರಬೇಕು. ಜೋಳದ ರೊಟ್ಟಿ ಬಡಿಯುವುದು ಒಳಗೆ ಸಾಧ್ಯವಿಲ್ಲ. ದೊಡ್ಡ ಉರಿ, ಹೆಂಚಿನ ಕಾವು ಎರಡೂ ಸೇರಿ ಒಳಗೆ ನಿಲ್ಲಲಾಗುವುದಿಲ್ಲ. ಕಟಕ ರೊಟ್ಟಿ ಕಟ್ಟಿಕೊಂಡು ಹೋಗಿ, ಒಳಗಿನ ಒಲೆ ಪಲ್ಯ, ಸಾರು, ಚಹಾಕ್ಕೆ ಸಾಕು.

ಹೊಲಸಿನ ಡಬ್ಬಿಯನ್ನು ಹೊರಗೆಳೆದು ಖಾಲಿ ಮಾಡುವ ಕ್ಯಾಸೆಟ್ ಶೌಚಾಲಯವಿದ್ದರೆ, ಅದರ 20 ಲೀಟರ್ ಡಬ್ಬಿ ನಾಲ್ಕು ಜನರಿಗೆ ಎರಡು ದಿನ ಬಂದರೆ ಹೆಚ್ಚು. ಅದನ್ನು ಹೊಲಕ್ಕೆ, ಮಲಪ್ರಭೆಗೆ, ಹಳ್ಳಕ್ಕೆ ಸುರಿಯಬಾರದು. ತಂಗುವ ಹೋಟೆಲಿನ ಶೌಚಾಲಯದಲ್ಲಿ ಕೇಳಿ ಖಾಲಿ ಮಾಡಬೇಕು. ಈ ಕೆಲಸ ಮನೆಯಲ್ಲಿ ಯಾರು ಮಾಡುತ್ತಾರೆ ಎಂದು ಹೊರಡುವ ಮೊದಲೇ ತೀರ್ಮಾನವಾಗಲಿ.

ರಾತ್ರಿ ಎಲ್ಲಿ ನಿಲ್ಲಿಸುವುದು

ಸ್ಮಾರಕಗಳ ಆವರಣ ಸಂಜೆ ಮುಚ್ಚುತ್ತದೆ, ಅಲ್ಲಿ ರಾತ್ರಿ ತಂಗಲಾಗದು. ಬಾದಾಮಿಯ ಮಯೂರ ಚಾಲುಕ್ಯ, ವಿಜಯಪುರದ ಮಯೂರ ಆದಿಲ್‌ಶಾಹಿಯಂಥ ಹೋಟೆಲುಗಳಿಗೆ ಮೊದಲೇ ಫೋನ್ ಮಾಡಿ, ಒಂದು ಕೋಣೆ ಹಿಡಿದರೆ ಆವರಣದಲ್ಲಿ ವ್ಯಾನ್ ನಿಲ್ಲಿಸಿ ಪ್ಲಗ್ ಕೊಡುತ್ತೀರಾ ಎಂದು ಕೇಳಿ. ಹಿರಿಯರಿಗೆ ಕೋಣೆ, ಉಳಿದವರಿಗೆ ವ್ಯಾನ್, ಎಲ್ಲರಿಗೂ ಸ್ನಾನ. ಮೊದಲ ಪ್ರವಾಸಕ್ಕೆ ಇದಕ್ಕಿಂತ ಹದವಾದ ಏರ್ಪಾಡಿಲ್ಲ.

ಹೊಲದ ಬದುವಿನಲ್ಲಿ ನಿಲ್ಲಿಸುವಾಗ ನೆಲ ನೋಡಿ. ಎರೆ ಮಣ್ಣು ಒಣಗಿದಾಗ ಕಲ್ಲಿನಂತಿದ್ದು, ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿ ಹಿಡಿದುಬಿಡುತ್ತದೆ. ಮೂರು ಟನ್ನಿನ ಗಾಡಿಯನ್ನು ಎಳೆಯಲು ಟ್ರ್ಯಾಕ್ಟರ್ ಬೇಕಾಗುತ್ತದೆ. ಮೋಡ ಇದ್ದರೆ ಗರಸಿನ ನೆಲ ಅಥವಾ ಡಾಂಬರಿನ ಮೇಲೆಯೇ ಇರಿ. ಮೇಲೆ ಎಸಿ ಕೂತ ವ್ಯಾನಿನ ಎತ್ತರವನ್ನು ಟೇಪಿನಿಂದ ಅಳೆದು ಡ್ಯಾಶ್‌ಬೋರ್ಡಿಗೆ ಬರೆದು ಅಂಟಿಸಿ. ಹಳ್ಳಿಯ ಅಗಸಿ, ರೈಲ್ವೆ ಕೆಳಸೇತುವೆ, ಬೇವಿನ ಟೊಂಗೆ ಮೂರೂ ಕಾಯುತ್ತಿರುತ್ತವೆ. ಕಬ್ಬಿನ ಹಂಗಾಮಿನಲ್ಲಿ, ನವೆಂಬರಿನಿಂದ ಮುಂದೆ, ಕತ್ತಲಾದ ಮೇಲೆ ಓಡಿಸಬೇಡಿ. ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಹತ್ತಿರ ಬಂದಾಗಲೇ ಕಾಣುವುದು.

ಕೊಳ್ಳುವುದೇ ನಿಶ್ಚಯವಾದರೆ

ಬೇಕಾದ ಹೊರೆಯನ್ನೆಲ್ಲ ತುಂಬಿ ಕಾಟಾ ಮಾಡಿಸಿ. ಸಕ್ಕರೆ ಕಾರ್ಖಾನೆ, ಎಪಿಎಂಸಿ ಸುತ್ತ ವೇಬ್ರಿಡ್ಜಿಗೆ ಬರವಿಲ್ಲ. ನೀರು, ಗ್ಯಾಸ್, ಡೀಸೆಲ್, ಜನ, ಸಾಮಾನು ಸೇರಿದ ತೂಕ ಆರ್‌ಸಿಯಲ್ಲಿ ಬರೆದ ಒಟ್ಟು ತೂಕದೊಳಗೆ ಇರಬೇಕು. ಹಿಂದಿನ ಗಾಲಿಗಳನ್ನಷ್ಟೇ ಏರಿಸಿ ಇನ್ನೊಮ್ಮೆ ತೂಗಿ. ಟ್ಯಾಂಕ್, ಬ್ಯಾಟರಿ, ಅಡುಗೆ ಕಟ್ಟೆ ಎಲ್ಲ ಹಿಂದಕ್ಕೇ ಕೂತಿದ್ದರೆ ಹಿಂದಿನ ಟೈರ್ ಬಿಸಿಯಾಗಿ ಒಡೆಯುತ್ತದೆ, ಮುಂದಿನ ಹಿಡಿತ ತಗ್ಗುತ್ತದೆ.

ಹಳೆಯದನ್ನು ನೋಡುತ್ತಿದ್ದರೆ ಚಾವಣಿಯ ಮೇಲೆ ಇಪ್ಪತ್ತು ನಿಮಿಷ ಪೈಪಿನಿಂದ ನೀರು ಬಿಡಿಸಿ, ಒಳಗೆ ಕುಳಿತು ನೋಡಿ. ಆಮೇಲೆ ಎಸಿ ಮತ್ತು ಗವಾಕ್ಷಿಯ ಸುತ್ತಲಿನ ಪ್ಲೈಯನ್ನು ಹೆಬ್ಬೆರಳಿನಿಂದ ಒತ್ತುತ್ತ ಬನ್ನಿ. ಒಳ್ಳೆಯ ಪ್ಲೈ ಜಗ್ಗುವುದಿಲ್ಲ; ನೀರು ಕುಡಿದದ್ದು ಮೆತ್ತಗೆ ಕುಸಿದು, ಬೆರಳು ತೆಗೆದ ಮೇಲೂ ಗುಳಿ ಉಳಿಯುತ್ತದೆ, ಅಂಚಿನ ಲ್ಯಾಮಿನೇಟ್ ತುಟಿ ಬಿಟ್ಟಿರುತ್ತದೆ. ಹಾಗಿದ್ದರೆ ಒಳಗಿನ ಚೌಕಟ್ಟೂ ಕೊಳೆತಿರುತ್ತದೆ, ಮೇಲೆ ಸೀಲಂಟ್ ಬಳಿದು ಸರಿಯಾಗುವ ಮಾತಲ್ಲ. ಟೈರಿನ ಬದಿಯ ನಾಲ್ಕು ಅಂಕಿ ಓದಿ: 2321 ಎಂದರೆ 2021ರ 23ನೇ ವಾರ. ಟೈರಿನ ಗೀರು (ಟ್ರೆಡ್) ಎಷ್ಟೇ ಉಳಿದಿರಲಿ, ಆರು ವರ್ಷ ದಾಟಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಪುಣೆ, ಸೊಲ್ಲಾಪುರ ಕಡೆಯ ಗಾಡಿಯಾದರೆ ಎನ್‌ಒಸಿ, ಬ್ಯಾಂಕ್ ಸಾಲ ತೀರಿದ ಪತ್ರ, ಕರ್ನಾಟಕದ ತೆರಿಗೆ ಮೂರನ್ನೂ ಬೆಲೆ ಮಾತಾಡುವಾಗಲೇ ಎತ್ತಿ. ವಿಮೆ ಮಾಡಿಸುವಾಗ ಒಳಗಿನ ಕೆಲಸದ ಬಿಲ್ ಕೊಟ್ಟು ಅದರ ಬೆಲೆಯನ್ನೂ ಪಾಲಿಸಿಯಲ್ಲಿ ಬರೆಸಿ. ಬರೆಸದಿದ್ದರೆ ಬೆಂಕಿ ಬಿದ್ದಾಗ ಬರೀ ಖಾಲಿ ವ್ಯಾನಿನ ಹಣ ಬರುತ್ತದೆ.

ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆ. ಬಯಲಿನಲ್ಲಿ ನಿಲ್ಲಿಸಿದರೆ ಬಿಸಿಲಿಗೆ ರಬ್ಬರ್ ಬೀಡಿಂಗ್ ಸೀಳುತ್ತದೆ, ಹೊಲದ ಶೆಡ್ಡಿನಲ್ಲಿ ನಿಲ್ಲಿಸಿದರೆ ಇಲಿ, ಹೆಗ್ಗಣ ವೈರ್ ಕಡಿಯುತ್ತವೆ. ಪತ್ರಾಸಿನ ಶೆಡ್ ಇರಲಿ, ಅದರ ಬದಿ ತೆರೆದಿರಲಿ, ಒಳಗೆ ಒಂದು ಕಾಳೂ ಉಳಿಯದಂತೆ ಗುಡಿಸಿರಲಿ. ಲಿಥಿಯಂ ಬ್ಯಾಟರಿಯನ್ನು ಅರ್ಧದಿಂದ ಶೇ 60ರಷ್ಟು ತುಂಬಿ ಮೇನ್ ಸ್ವಿಚ್ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಬೇಕು. ಬಿಎಸ್-6 ಡೀಸೆಲ್ ಗಾಡಿಯ ಹೊಗೆ ಫಿಲ್ಟರಿನ ಮಸಿ ಸುಡಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಓಡಬೇಕು. ಪೇಟೆಯ ಸಣ್ಣ ಓಟ ಮಾತ್ರ ಇದ್ದರೆ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನ ದೀಪ ಹೊತ್ತುತ್ತದೆ.

ನಡುವಿನ ದಾರಿಯೂ ಒಂದಿದೆ

ಮನೆಯಲ್ಲಿ ಎರ್ಟಿಗಾ, ಬೊಲೆರೊ, ಇನೊವಾ ಇದ್ದರೆ ನಾಲ್ಕು ಜನ ಮಲಗುವ ಒಳ್ಳೆಯ ಟೆಂಟ್, 5 ಕಿಲೋ ಗ್ಯಾಸ್ ಸಿಲಿಂಡರ್, ಎರಡು 20 ಲೀಟರ್ ಕ್ಯಾನ್, ಸಣ್ಣ ಪವರ್ ಸ್ಟೇಷನ್ (ಹೊತ್ತೊಯ್ಯುವ ಬ್ಯಾಟರಿ ಪೆಟ್ಟಿಗೆ) ಮತ್ತು ಎರಡು ರೀಚಾರ್ಜ್ ಫ್ಯಾನ್ ಸಾಕು. ಜನ ಹೆಚ್ಚಿದ್ದರೆ ಇದೇ ಸಾಮಾನನ್ನು ಹಳದಿ ಪ್ಲೇಟಿನ ಟಿಟಿಗೆ ಹೇರಿ. ಒಲೆಯನ್ನು ಗಾಡಿಯ ಹೊರಗೆ, ಗಾಳಿಗೆ ಅಡ್ಡವಾದ ಗೋಡೆಯ ಮಗ್ಗುಲಲ್ಲಿ ಹಚ್ಚಿ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಇದು ಧಾರಾಳವಾಗಿ ಒಗ್ಗುತ್ತದೆ. ಎರಡು ಚಳಿಗಾಲ ಹೀಗೆ ತಿರುಗಿದ ಮೇಲೆ ನಿಮ್ಮ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಇಪ್ಪತ್ತೈದು, ಮೂವತ್ತು ರಾತ್ರಿ ನಿಜವಾಗಿ ದಾಖಲಾಗಿದ್ದರೆ, ಆಗ ಬಾಡಿ ಕಟ್ಟುವವರಿಂದ ಕೊಟೇಶನ್ ತರಿಸಿ.